ಉಪ್ಪು ಹಾಕುವ ಕೈ

ನಮ್ಮ ಅಪ್ಪ ಮದುವೆ ಅಡುಗೆಯ ಯಜಮಾನರು. ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಯಾವ ಆಟೋದವನನ್ನು ಕೇಳಿದರೂ ಅವರ ಮನೆ ತೋರಿಸುತ್ತಾನೆ. ಅವರ ದೊಡ್ಡ ಮಗನ ಮನೆ ಯಾವುದು ಎಂದು ಕೇಳಿ ನೋಡಿ, ಅದೇ ಆಟೋದವನು ತಲೆ ಕೆರೆದುಕೊಳ್ಳುತ್ತಾನೆ. ಎರಡೂ ಒಂದೇ ಮನೆ. ಆ ದೊಡ್ಡ ಮಗ ನಾನೇ. ವಯಸ್ಸು ಐವತ್ತನಾಲ್ಕು. ಅದರಲ್ಲಿ ಮೂವತ್ತಾರು ವರ್ಷ ಅಪ್ಪನ ಹಿಂದೆ ಸೌಟು ಹೊತ್ತುಕೊಂಡು ತಿರುಗಿದ್ದೇನೆ.

ನಮ್ಮ ತಂಡದಲ್ಲಿ ಕಾಯಂ ಇದ್ದವರು ನಾಲ್ಕು ಜನ. ಅಪ್ಪ, ನಾನು, ನನ್ನ ತಮ್ಮ, ಮತ್ತು ಜಗಳೂರಿನವನು. ರೊಟ್ಟಿ ಬಡಿಯುವ ಹೆಂಗಸರು, ಬಡಿಸುವವರು ಮದುವೆಗೆ ತಕ್ಕ ಹಾಗೆ ಬಂದು ಹೋಗುತ್ತಿದ್ದರು. ಜಗಳೂರಿನವನು ನಮಗೆ ಸಂಬಂಧಿಯಲ್ಲ. ಇಪ್ಪತ್ತೈದು ವರ್ಷದ ಹಿಂದೆ ಅವನ ಊರಿನ ಮದುವೆಯೊಂದರಲ್ಲಿ ಸೌದೆ ಒಡೆಯಲು ಬಂದವನು, ಅಪ್ಪನ ಅಡುಗೆ ಉಂಡು, ಪಾತ್ರೆಗಳ ಜೊತೆ ತಾನೂ ಲಗೇಜ್ ಆಟೋ ಹತ್ತಿ ಬಂದುಬಿಟ್ಟ. ಮಾತು ಕಡಿಮೆ, ಕೆಲಸ ಜಾಸ್ತಿ. ಇಂಥವರು ತಂಡದಲ್ಲಿ ಒಬ್ಬರಿದ್ದರೆ ಉಳಿದವರಿಗೆ ಎಷ್ಟು ತೊಂದರೆ ಅಂತ ನಿಮಗೆ ಗೊತ್ತಿಲ್ಲ.

ಅಪ್ಪನಿಗೆ ನಾವು ಕೊಡುತ್ತಿದ್ದ ಮರ್ಯಾದೆಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೆರಳು ತೋರಿಸಬಾರದು. ಅಪ್ಪ ಬಂದರೆ ಎದ್ದು ನಿಲ್ಲುತ್ತಿದ್ದೆವು. ಅವರ ಎದುರು ಕಾಲ ಮೇಲೆ ಕಾಲು ಹಾಕಿದವರಿಲ್ಲ. ಒಲೆ ಹಚ್ಚುವ ಮುಂಚೆ ಮೂವರೂ ಸಾಲಾಗಿ ನಿಂತು ಕಾಲು ಮುಟ್ಟುತ್ತಿದ್ದೆವು. ಅವರು ಮಳೆ ಬರುತ್ತದೆ ಎಂದರೆ ನಾವು ಸುಡುಬಿಸಿಲಲ್ಲಿ ತಾಡಪಾಲು ಕಟ್ಟುತ್ತಿದ್ದೆವು. ಎದುರಿಗೆ ಒಂದು ಎದುರುತ್ತರ ಕೊಟ್ಟವರಿಲ್ಲ. ಬೆನ್ನ ಹಿಂದೆ ಏನು ಮಾಡಬಾರದು ಅಂತ ಮಾತ್ರ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಮರ್ಯಾದೆಯೆಲ್ಲ ಹೋಗಿ ನಿಲ್ಲುತ್ತಿದ್ದದ್ದು ಒಂದು ತೆಂಗಿನ ಕರಟದ ಹತ್ತಿರ. ಒಳಗೂ ಹೊರಗೂ ಉಜ್ಜಿ ಉಜ್ಜಿ ಕಪ್ಪಗೆ ಮಿರುಗುವ ಹಳೇ ಕರಟ. ಅಪ್ಪ ಉಪ್ಪು ಅಳೆಯುತ್ತಿದ್ದದ್ದು ಅದರಲ್ಲಿ. ತಂಡದಲ್ಲಿ ಯಾರು ಬೇಕಾದರೂ ಒಗ್ಗರಣೆ ಹಾಕಬಹುದು, ಗೋಧಿ ಹುಗ್ಗಿಗೆ ಬೆಲ್ಲ ಸುರಿಯಬಹುದು, ಬದನೆಕಾಯಿಗೆ ಖಾರ ತುಂಬಬಹುದು. ಉಪ್ಪು ಮಾತ್ರ ಯಜಮಾನನ ಕೈಯದು. ಅದೂ ರುಚಿ ನೋಡಿ ಹಾಕುವ ಉಪ್ಪಲ್ಲ. ದೇವರಿಗೆ ಎಡೆ ಹೋಗಿ, ಸ್ವಾಮಿಗಳು ಉಂಡು ಏಳುವ ತನಕ ಕಡಾಯಿಯಲ್ಲಿರುವುದನ್ನು ಯಾರೂ ನಾಲಿಗೆಗೆ ಮುಟ್ಟಿಸುವ ಹಾಗಿಲ್ಲ. ಮುಟ್ಟಿಸಿದರೆ ಅಡುಗೆಯೆಲ್ಲ ಎಂಜಲು. ಹಾಗಾಗಿ ಅಪ್ಪ ಕುದಿಯುವ ಸಾರಿನ ಮೇಲೆ ಬಗ್ಗಿ, ಅಂಗೈಯಿಂದ ಹಬೆಯನ್ನು ಮೂಗಿನ ಕಡೆ ಎಳೆದುಕೊಂಡು ಕಣ್ಣು ಮುಚ್ಚುತ್ತಿದ್ದರು. ಆಮೇಲೆ "ಇನ್ನೊಂದು ಅರ್ಧ" ಎಂದು ಕರಟ ಬಗ್ಗಿಸುತ್ತಿದ್ದರು. ಎಂಟುನೂರು ಜನ ಉಂಡರೂ ಒಬ್ಬನೂ ಎಲೆಗೆ ಉಪ್ಪು ಕೇಳುತ್ತಿರಲಿಲ್ಲ. ಉಪ್ಪಿಗೆ ವಾಸನೆಯೇ ಇಲ್ಲ ಅಂತ ಶಾಲೆಯಲ್ಲಿ ನಮ್ಮ ಮೇಷ್ಟ್ರು ಪಾಠ ಮಾಡಿದ್ದರು. ಅಪ್ಪ ಶಾಲೆಗೆ ಹೋಗಿರಲಿಲ್ಲ, ಆದ್ದರಿಂದ ಅವರಿಗೆ ಬರುತ್ತಿತ್ತು.

ಆ ಕರಟ ಅಪ್ಪನಿಗೆ ಬಂದದ್ದು ಅವರ ಸೋದರಮಾವನಿಂದ. ಮಾವನಿಗೆ ಇಬ್ಬರು ಸ್ವಂತ ಗಂಡುಮಕ್ಕಳಿದ್ದರು. ಇಬ್ಬರನ್ನೂ ಬಿಟ್ಟು, "ಉಪ್ಪಿನ ಮೂಗು ಇರೋದು ನನ್ನ ಅಳಿಯಂಗೆ" ಅಂತ ಎಲ್ಲರ ಎದುರು ಕರಟವನ್ನು ಅಪ್ಪನ ಕೈಗಿಟ್ಟರಂತೆ. ಆ ಇಬ್ಬರು ಗೋವಿನಕೋವಿಯಲ್ಲಿ ಹೊಲ ಮಾಡಿಕೊಂಡು ಚೆನ್ನಾಗಿಯೇ ಇದ್ದಾರೆ. ಆದರೆ ನಮ್ಮ ಅಡುಗೆ ಇರುವ ಮದುವೆಗೆ ಬಂದರೆ ಅಕ್ಕಿಕಾಳು ಹಾಕಿ, ಊಟ ಮಾಡದೆ ಬಸ್ಸು ಹತ್ತುತ್ತಾರೆ. ಐವತ್ತು ವರ್ಷದ ಸಿಟ್ಟು ಅದು. ಒಂದು ಕರಟಕ್ಕೆ ಇಷ್ಟೊಂದು ಬೆಲೆ ಇದೆ ಅಂತ ನನಗೆ ಗೊತ್ತಾದದ್ದೇ ಅವರ ಮುಖ ನೋಡಿ.

ಸುತ್ತಿ ಬಳಸಿ ಹೇಳುವುದು ಯಾಕೆ, ನನಗೆ ಆ ಕರಟ ಬೇಕಿತ್ತು. ತುಂಬಾ ಬೇಕಿತ್ತು. ತಮ್ಮನಿಗೆ ಬಾಯಿ ಇತ್ತು, ಗಿರಾಕಿ ಹಿಡಿಯುತ್ತಿದ್ದ, ಮೊಬೈಲಿನಲ್ಲಿ ಊಟದ ಪಟ್ಟಿಗೆ ಹೂವಿನ ಅಂಚು ಹಾಕಿ ಕಳಿಸುತ್ತಿದ್ದ. ಜಗಳೂರಿನವನಿಗೆ ಕೈ ಇತ್ತು, ಅವನು ಕಲಸಿದ ಹಿಟ್ಟಿನ ಹೋಳಿಗೆ ಹರಿಯುತ್ತಿರಲಿಲ್ಲ. ನನಗೆ ಇದ್ದದ್ದು ಒಂದೇ, ನಾನು ದೊಡ್ಡ ಮಗ. ಅದರಲ್ಲಿ ನನ್ನ ಶ್ರಮ ಏನೂ ಇರಲಿಲ್ಲ ಎನ್ನುವುದು ಬೇರೆ ಮಾತು.

ಒಂದು ದಿನ ನನ್ನ ಮಗಳು ಮೊಬೈಲು ಹಿಡಿದುಕೊಂಡು ಬಂದು, "ಅಪ್ಪಾ, ಇಲ್ಲಿ ನೋಡು, ಜಪಾನಿನಾಗೆ ಹಳೇ ಅಂಗಡಿಯೋರು ಮಗ ದಡ್ಡ ಆದ್ರೆ ಬೇರೆಯೋರ ಮಗನ್ನ, ಅದೂ ಬೆಳೆದು ದೊಡ್ಡೋನಾದ ಗಂಡಸನ್ನ, ದತ್ತು ತಗೊಂಡು ಅಂಗಡಿ ಕೊಡ್ತಾರಂತೆ" ಎಂದಳು. ನಾನು ನಕ್ಕೆ. ಆಮೇಲೆ ನಡುಮನೆಯ ಕಡೆ ನೋಡಿದೆ. ಅಲ್ಲಿ ಜಗಳೂರಿನವನು ಅಪ್ಪನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ಅವತ್ತಿನಿಂದ ಜಪಾನಿನ ಮೇಲೆ ನನಗೆ ಒಂದು ನಮೂನೆಯ ಸಿಟ್ಟು.

ಅಷ್ಟರಲ್ಲಿ ಕೊರೊನಾ ಬಂತು. ಅಪ್ಪನಿಗೂ ಬಂತು, ಹೋಯಿತು. ಹೋಗುವಾಗ ಅವರ ಮೂಗನ್ನೂ ನಾಲಿಗೆಯನ್ನೂ ತೆಗೆದುಕೊಂಡು ಹೋಯಿತು. ಅಪ್ಪ ಅದನ್ನು ಯಾರಿಗೂ ಹೇಳಲಿಲ್ಲ. ಗೊತ್ತಾದದ್ದು ನನ್ನ ಹೆಂಡತಿಗೆ. ಒಂದು ಬೆಳಿಗ್ಗೆ ಅವಳು ಕೈ ತಪ್ಪಿ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿದಳು. ಅಪ್ಪ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, "ಚಲೋ ಆಗೈತವ್ವ" ಎಂದರು. ಅವಳು ಅಡುಗೆಮನೆಗೆ ಬಂದು ನನಗಿಟ್ಟಿದ್ದ ಲೋಟದ ಚಹಾ ಕುಡಿದು ನೋಡಿ, ಬಾಯಿಗೆ ಸೆರಗು ಹಿಡಿದುಕೊಂಡಳು.

"ಮಾವಗೆ ಹೇಳ್ರಿ," ಎಂದಳು. "ಮದುವೆ ಸೀಜನ್ ಬಂತು. ಊರ ಮುಂದೆ ಮಾನ ಹೋಗ್ತೈತೆ."

"ಹೆಂಗೆ ಹೇಳಾಕೆ ಆಗ್ತೈತೆ? ಅಪ್ಪ ಅವರು," ಎಂದೆ ನಾನು.

"ಅಪ್ಪ ಅಂತಾನೇ ಹೇಳ್ರಿ ಅಂದಿದ್ದು. ಪಕ್ಕದ ಮನೆಯೋರಾಗಿದ್ರೆ ನಾನೇ ಹೇಳ್ತಿದ್ದೆ."

ಹೆಂಗಸರಿಗೆ ಮರ್ಯಾದೆಯ ಸೂಕ್ಷ್ಮ ಗೊತ್ತಾಗುವುದಿಲ್ಲ ಎಂದುಕೊಂಡು ನಾನು ಸುಮ್ಮನಾದೆ. ಸೀಜನ್ ಶುರುವಾಯಿತು. ಅಪ್ಪ ಮೊದಲಿನಂತೆಯೇ ಹಬೆ ಎಳೆದುಕೊಳ್ಳುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು. ಆದರೆ ಹೆಚ್ಚಾದೀತು ಎಂಬ ಭಯಕ್ಕೆ ಕರಟವನ್ನು ಪೂರ್ತಿ ಬಗ್ಗಿಸುತ್ತಿರಲಿಲ್ಲ. ಸವಳಂಗದ ಮದುವೆಯಲ್ಲಿ ಪಂಕ್ತಿಯ ತುಂಬ "ಉಪ್ಪು, ಉಪ್ಪು" ಎಂಬ ಕೂಗು. ಅದರ ಮುಂದಿನ ಮದುವೆಯಲ್ಲೂ ಅದೇ. ಅಪ್ಪ ಮೂಲೆಯ ಕುರ್ಚಿಯಲ್ಲಿ ಕೂತು ಆ ಕೂಗು ಕೇಳಿಸಿಕೊಳ್ಳುತ್ತಿದ್ದರು. ನನಗೆ ಅವರ ಮುಖ ನೋಡಲಾಗುತ್ತಿರಲಿಲ್ಲ. ಸಂಕಟವಾದಾಗ ಬಾಯಿ ಬಿಟ್ಟು ಮಾತಾಡುವ ಅಭ್ಯಾಸ ನಮ್ಮ ಮನೆತನದಲ್ಲಿ ಇಲ್ಲ.

ಹೀಗಿರುವಾಗ ನ್ಯಾಮತಿಯ ಮದುವೆ ಬಂತು. ದೊಡ್ಡ ಮನೆ, ದೊಡ್ಡ ಮಂಟಪ, ಎರಡೂ ಕಡೆ ಬೀಗರು ಮೀಸೆ ತಿರುವುವಂಥವರು. ಹುಗ್ಗಿ, ಎಣ್ಣೆಗಾಯಿ, ರೊಟ್ಟಿ, ಅನ್ನ, ಸಾರು. ಬೆಳಗಿನ ಹತ್ತು ಗಂಟೆಗೆ ಸಾರು ಕುದಿಯಿತು. ಅಪ್ಪ ಬಂದರು, ಬಗ್ಗಿದರು, ಕಣ್ಣು ಮುಚ್ಚಿದರು, ಕರಟ ಬಗ್ಗಿಸಿದರು, ಪಕ್ಕಕ್ಕೆ ಹೋದರು. ನಾನು ಅತ್ತಿತ್ತ ನೋಡಿದೆ. ತಮ್ಮ ಬಾಳೆಎಲೆ ತರಲು ಹೊರಗೆ ಹೋಗಿದ್ದ. ಜಗಳೂರಿನವನು ರೊಟ್ಟಿಯವರ ಹತ್ತಿರ ಇದ್ದ. ಉಪ್ಪಿನ ಚೀಲಕ್ಕೆ ಎರಡೂ ಕೈ ಹಾಕಿ ಒಂದು ತುಂಬು ಬೊಗಸೆ ತೆಗೆದು ಸಾರಿಗೆ ಸುರಿದು, ಕೈಯನ್ನು ಟವೆಲ್ಲಿಗೆ ಒರೆಸಿಕೊಂಡೆ. ಅಪ್ಪನ ಮಾನ ಉಳಿಸಿದೆನೆಂದು ಎದೆ ಉಬ್ಬಿತು. ಇದಕ್ಕಿಂತ ದೊಡ್ಡ ಪಿತೃಭಕ್ತಿ ಯಾವುದಿದೆ ಹೇಳಿ.

ಇನ್ನೊಂದು ಇತ್ತು. ನಾನು ಬಚ್ಚಲ ಕಡೆ ಹೋದಾಗ ತಮ್ಮ ಬಂದು ತನ್ನ ಪಿತೃಭಕ್ತಿಯ ಒಂದು ಬೊಗಸೆ ಸುರಿದ. ಅವನು ಎಲೆ ತೊಳೆಯಲು ಹೋದಾಗ ಜಗಳೂರಿನವನು ಬಂದು ಗುರುಭಕ್ತಿಯ ಒಂದು ಬೊಗಸೆ ಸುರಿದ. ರುಚಿ ನೋಡುವ ಹಾಗಿಲ್ಲವಲ್ಲ, ಮೂವರೂ ಅಂದಾಜಿನ ಮೇಲೆ ಭಕ್ತಿ ಮಾಡಿದೆವು. ಇದೆಲ್ಲಕ್ಕಿಂತ ಮುಂಚೆ, ಎರಡು ಮದುವೆಯ ಕೂಗನ್ನು ಕಿವಿಯಾರೆ ಕೇಳಿದ್ದ ಅಪ್ಪ, ಅವತ್ತು ತಮ್ಮ ಹಳೇ ಕೈಲೆಕ್ಕವನ್ನೇ ನಂಬಿ ಕರಟವನ್ನು ಸರಿಯಾಗಿ ಬಗ್ಗಿಸಿದ್ದರು. ಅಂದರೆ ಅವತ್ತು ಸಾರಿನಲ್ಲಿ ಸರಿಯಾಗಿದ್ದ ಉಪ್ಪು ಅಪ್ಪನದು ಒಂದೇ.

ಮೊದಲ ಎಡೆ ದೇವರಿಗೆ ಹೋಯಿತು. ದೇವರು ಏನೂ ಹೇಳಲಿಲ್ಲ. ಎರಡನೆಯದು ಸ್ವಾಮಿಗಳಿಗೆ. ಅವರು ಎರಡು ತುತ್ತು ಉಂಡು, ಕಣ್ಣು ಅಗಲಿಸಿ, ಮಜ್ಜಿಗೆ ತರಿಸಿಕೊಂಡು ಕುಡಿದು, ಆಶೀರ್ವಾದ ಮಾಡಿ ಎದ್ದರು. ಆಮೇಲೆ ಮೊದಲ ಪಂಕ್ತಿ. ತುದಿಯ ಎಲೆಯಲ್ಲಿ ಗಂಡಿನ ಕಡೆಯ ಅತ್ಯಂತ ಹಿರಿಯ ಅಜ್ಜ ಕೂತಿದ್ದರು. ಬೀಗರ ಮನೆಯ ಊಟಕ್ಕೆ ಹೆಸರಿಡಬಾರದೆಂದು ಅವರು ಸುಮ್ಮನೆ ಉಂಡರು. ಅಜ್ಜನೇ ಸುಮ್ಮನಿರುವಾಗ ನಾವು ಹೇಳುವುದು ಹೇಗೆಂದು ಅವರ ಮಕ್ಕಳು ಉಂಡರು. ಅಪ್ಪಂದಿರೇ ಸುಮ್ಮನಿರುವಾಗ ಅಂತ ಮೊಮ್ಮಕ್ಕಳು ಉಂಡರು. ಇನ್ನೂರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬೆವರು ಒರೆಸಿಕೊಂಡು, ಮರ್ಯಾದೆಯಿಂದ ಉಂಡರು. ಮಜ್ಜಿಗೆಯ ಹಂಡೆ ಖಾಲಿಯಾಯಿತು. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ, ಕುಡಿಯುವ ನೀರಿನ ಡ್ರಮ್ಮೂ ಖಾಲಿಯಾಯಿತು. ನೀರು ಬಡಿಸುವವನು ಓಡಿ ಬಂದು, "ಅಣ್ಣಾರೇ, ಏನ್ ಹಾಕೀರಿ ಸಾರಿಗೆ? ಜನ ಕೆರೆ ಕುಡಿಯೋರಂಗೆ ಕುಡೀತಾರೆ" ಎಂದಾಗಲೇ ನಮಗೆ ಗೊತ್ತಾದದ್ದು. ಎಡೆ ಮುಗಿದಿತ್ತಲ್ಲ, ಒಂದು ಸೌಟು ಬಾಯಿಗೆ ಹಾಕಿಕೊಂಡೆ. ಯಪ್ಪಾ ಶಿವನೇ! ಗಂಟಲಿನ ತನಕ ಉರಿಯಿತು.

ಅರ್ಧ ಕಡಾಯಿ ಚರಂಡಿಗೆ ಸುರಿದು, ಉಳಿದರ್ಧಕ್ಕೆ ಬೇಳೆ ಬೇಯಿಸಿ ಹಾಕಿ ಎರಡನೇ ಪಂಕ್ತಿ ಹೇಗೋ ಸುಧಾರಿಸುತ್ತಿರುವಾಗ ಹೆಣ್ಣಿನ ಅಪ್ಪ ಅಡುಗೆಮನೆ ಬಾಗಿಲಿಗೆ ಬಂದರು. ಮುಖ ಕೆಂಪಗೆ ಕಾದಿತ್ತು.

"ಏನ್ ಯಜಮಾನ್ರೇ ಇದು? ಬೀಗರ ಮುಂದೆ ನನ್ನ ತಲೆ ತೆಗೆದ್ರಲ್ರಿ! ಯಾರು ಹಾಕಿದ್ದು ಉಪ್ಪು?"

ನಾವು ಮೂವರೂ ಅಲ್ಲೇ ಇದ್ದೆವು. ನಾನು ನನ್ನ ಬೊಗಸೆ ಒಂದರಿಂದಲೇ ಇಷ್ಟೂ ಆಯಿತೆಂದು ತಿಳಿದಿದ್ದೆ. ಉಳಿದಿಬ್ಬರೂ ತಮ್ಮ ತಮ್ಮ ಬೊಗಸೆಯ ಬಗ್ಗೆ ಹಾಗೇ ತಿಳಿದಿದ್ದರು ಅಂತ ಆಮೇಲೆ ಗೊತ್ತಾಯಿತು. ಬಾಯಿ ಬಿಟ್ಟರೆ ಕರಟ ಕೈ ತಪ್ಪುತ್ತದೆ. ನಾನು ಈರುಳ್ಳಿಯ ಬುಟ್ಟಿಯನ್ನು ಮೊದಲ ಸಲ ನೋಡುತ್ತಿರುವವನ ಹಾಗೆ ನೋಡುತ್ತಾ ನಿಂತೆ.

ಅಪ್ಪ ಮುಂದೆ ಬಂದು ಎರಡೂ ಕೈ ಜೋಡಿಸಿದರು. "ನಂದೇ ತಪ್ಪು ಧಣಿ. ವಯಸ್ಸಾತು, ಕೈ ತಪ್ಪೈತೆ. ನನ್ನ ಮ್ಯಾಲೆ ಸಿಟ್ಟು ಮಾಡ್ರಿ, ಹುಡುಗ್ರ ಮ್ಯಾಲೆ ಬ್ಯಾಡ." ಐವತ್ತು ವರ್ಷ ತಲೆ ಎತ್ತಿ ಉಪ್ಪು ಹಾಕಿದ ಮನುಷ್ಯ, ತಾನು ಹಾಕದ ಉಪ್ಪಿಗೆ ತಲೆ ಬಗ್ಗಿಸಿ ನಿಂತಿದ್ದರು. ನಾನು ನೋಡುತ್ತಲೇ ಇದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಅದಾಗಿ ಸ್ವಲ್ಪ ದಿನಕ್ಕೆ ಹೊನ್ನಾಳಿಯಿಂದ ಕರೆ ಬಂತು. ಅಲ್ಲಿ ಅಪ್ಪನ ಹಳೇ ಗೆಳೆಯ ಒಬ್ಬರಿದ್ದಾರೆ, ಮುಸಲ್ಮಾನರ ಮದುವೆಗಳಿಗೆ ಬಿರಿಯಾನಿ ಮಾಡುವ ಬಾವರ್ಚಿ. ಹಿಂದೆ ಇಬ್ಬರೂ ಒಂದೇ ಅಂಗಡಿಯಿಂದ ಪಾತ್ರೆ ಬಾಡಿಗೆ ತರುತ್ತಿದ್ದರು. ಪಾತ್ರೆ ಬೇರೆ ಬೇರೆ, ಅಂಗಡಿಯ ಕಟ್ಟೆಯ ಮೇಲಿನ ಹರಟೆ ಒಂದೇ. ಅವರು ಕೆಲಸ ಬಿಡುತ್ತಾರೆಂದೂ, ಮುಂದಿನವರಿಗೆ ದೇಗು ಒಪ್ಪಿಸುತ್ತಾರೆಂದೂ, ಯಜಮಾನರು ಬರಲೇಬೇಕೆಂದೂ ಫೋನು. ದೇಗು ಅಂದರೆ ಅವರ ಬಿರಿಯಾನಿಯ ಹಂಡೆ. ಮಧ್ಯಾಹ್ನ ನಾಲ್ವರೂ ಹೋದೆವು. ನಮಗೆ ಬೇರೆಯಾಗಿ ಹಾಲು, ಬಾಳೆಹಣ್ಣು ಇಟ್ಟಿದ್ದರು.

ಬಾವರ್ಚಿಗೆ ಮೂವರು ಗಂಡುಮಕ್ಕಳು. ಮೂವರೂ ಇಸ್ತ್ರಿ ಹಾಕಿದ ಬಟ್ಟೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಆದರೆ ಅವರು ಕರೆದದ್ದು ತಂಗಿಯ ಮಗನನ್ನು. ಅವನ ಹೆಗಲಿಗೆ ತಮ್ಮ ಟವೆಲ್ಲು ಹಾಕಿ, ಜನರ ಕಡೆ ತಿರುಗಿ ಹೇಳಿದರು:

"ನನ್ನ ಮೂರು ಮಕ್ಳೂ ಬಂಗಾರ. ನಾನು ಮಣ್ಣು ಬೇಯಿಸಿದ್ರೂ ಮಸ್ತ್ ಆಗೈತೆ ಅಬ್ಬಾ ಅಂತಾರೆ. ಇವನೊಬ್ಬ ಬದ್ಮಾಶ್. ಮಾಮು, ನಿಮ್ ಕೈ ನಡುಗ್ತೈತೆ, ಮಸಾಲೆ ಹೆಚ್ಚಾತು ಅಂತ ಮುಖಕ್ಕೆ ಹೊಡೆದಂಗೆ ಹೇಳ್ತಾನೆ. ಮುಖಕ್ಕೆ ಹೇಳೋನಿಗೇ ದೇಗು."

ಮೂವರು ಮಕ್ಕಳು ಎದ್ದು ಹೋಗಿ ಆ ಬದ್ಮಾಶನನ್ನು ತಬ್ಬಿಕೊಂಡರು. ನನಗೆ ಗೋವಿನಕೋವಿಯ ಇಬ್ಬರು ನೆನಪಾದರು. ಅಪ್ಪ ಬಾಳೆಹಣ್ಣಿನ ಸಿಪ್ಪೆಯನ್ನು ಕೈಯಲ್ಲೇ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ವಾಪಸ್ ಬರುವ ಬಸ್ಸಿನಲ್ಲಿ ತಮ್ಮ ಕಿಟಕಿಯಾಚೆ ನೋಡುತ್ತಾ ತುಟಿಯಲ್ಲೇ ಏನೋ ಲೆಕ್ಕ ಹಾಕುತ್ತಿದ್ದ. ಅದೇನೆಂದು ಮರುದಿನ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಅಪ್ಪ ಮೂವರನ್ನೂ ಹಿತ್ತಲಿಗೆ ಕರೆದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಕರವಸ್ತ್ರದಲ್ಲಿ ಸುತ್ತಿದ ಕರಟ.

"ನನ್ನ ಮೂಗು ಸತ್ತೈತೆ," ಎಂದರು. "ನಿಮಗೆ ಗೊತ್ತೈತೆ ಅಂತ ನನಗೂ ಗೊತ್ತೈತೆ. ಆದ್ರೆ ಅವತ್ತು ನ್ಯಾಮತಿಯಾಗೆ ನಾನು ಹಾಕಿದ ಉಪ್ಪು ಸರಿ ಇತ್ತು. ನನ್ನ ಕೈ ನನಗೆ ಗೊತ್ತಿಲ್ವಾ? ಆಮ್ಯಾಲೆ ಯಾರ್ಯಾರು ಹಾಕಿದ್ರಿ, ಹೇಳ್ರಿ."

ಜಗಳೂರಿನವನು ದಬಕ್ಕನೆ ಕಾಲಿಗೆ ಬಿದ್ದ. "ಒಂದು ಬೊಗಸೆ ನಂದು ಯಜಮಾನ್ರೇ. ಮತ್ತೆ ಕಮ್ಮಿ ಆದೀತು, ನಿಮಗೆ ಜನ ಅಂದಾರು ಅಂತ ಹಾಕಿದೆ. ಅವತ್ತೇ ಹೇಳಬೇಕಿತ್ತು, ಧೈರ್ಯ ಸಾಲಲಿಲ್ಲ." ಅವನು ಅಳುತ್ತಿದ್ದ. ಅವನಿಗೆ ಲೆಕ್ಕಾಚಾರ ಬರುವುದಿಲ್ಲ, ಅದು ನಿಜವಾದ ಅಳು.

ತಮ್ಮ ಗಂಟಲು ಸರಿಮಾಡಿಕೊಂಡ. "ನಾನೂ ಹಾಕಿದ್ದೆ ಅಪ್ಪಾಜಿ. ಮುಖಕ್ಕೇ ಹೇಳ್ತೀನಿ, ನಿಮ್ಮ ಕೈ ಮೊದಲಿನಂಗೆ ಇಲ್ಲ." ಹೊನ್ನಾಳಿಯ ಪಾಠವನ್ನು ಅಕ್ಷರ ಬಿಡದೆ ಒಪ್ಪಿಸಿದ. ಒಪ್ಪಿಸಿ, ಟವೆಲ್ಲು ಹಾಕಿಸಿಕೊಳ್ಳುವವನ ಹಾಗೆ ಹೆಗಲು ಸ್ವಲ್ಪ ಮುಂದೆ ತಂದ.

ಅಪ್ಪ ನನ್ನ ಕಡೆ ತಿರುಗಿದರು. "ನೀನು?"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ದೇವರೂ ಕೊಡಲಾರ. ಇಬ್ಬರು ಆಗಲೇ ಹೇಳಿದ್ದರು, ಮೂರನೆಯವನಿಗೆ ಏನು ಕಷ್ಟ? ನನ್ನ ಕಣ್ಣು ಅಪ್ಪನ ತೊಡೆಯ ಮೇಲಿನ ಕರವಸ್ತ್ರದ ಮೇಲಿತ್ತು.

"ಇಲ್ಲಪ್ಪ," ಎಂದೆ. "ನಾನು ಹಾಕಿಲ್ಲ."

ಅಪ್ಪ ನನ್ನನ್ನೇ ನೋಡಿದರು. ಆಮೇಲೆ ಕರವಸ್ತ್ರ ಬಿಚ್ಚಿ ಕರಟ ತೆಗೆದು ನನ್ನ ಕೈಗಿಟ್ಟರು. "ಹಂಗಾದ್ರೆ ನನ್ನ ಕೈ ನಂಬಿದೋನು ಇವನೊಬ್ಬನೇ. ಇನ್ಮ್ಯಾಲೆ ಉಪ್ಪು ಇವನದು."

ಹೀಗೆ ಲೋಕದಲ್ಲಿ ಜಪಾನಿನವರು ಜಾಣನನ್ನು ಆರಿಸುತ್ತಾರೆ, ಹೊನ್ನಾಳಿಯವರು ನಿಜ ಹೇಳುವವನನ್ನು ಆರಿಸುತ್ತಾರೆ, ಚನ್ನಗಿರಿಯಲ್ಲಿ ಮಾತ್ರ ಸುಳ್ಳು ಹೇಳಿದವನ ಕೈಗೆ ಕರಟ ಬಂತು. ನಾನು ಅಪ್ಪನ ಕಾಲು ಮುಟ್ಟಿದೆ. ಅವರ ಮುಖ ನೋಡಬೇಕಾದೀತೆಂದು ಬೇಗ ಏಳಲಿಲ್ಲ. ನೋಡಿದವರು ಭಕ್ತಿ ಎಂದುಕೊಂಡರು.

ಆಮೇಲೆ ಎರಡು ವರ್ಷ ನಾನು ಯಜಮಾನಿಕೆ ಮಾಡಿದೆ. ತಮ್ಮ ಮೂರು ತಿಂಗಳು ನನ್ನ ಜೊತೆ ಮಾತು ಬಿಟ್ಟು, ಶಿವಮೊಗ್ಗದ ರಸ್ತೆಯಲ್ಲಿ ಸ್ವಂತ ಖಾನಾವಳಿ ತೆರೆದ. ಅಲ್ಲೀಗ ಮಧ್ಯಾಹ್ನ ಕೂರಲು ಜಾಗ ಸಿಗುವುದಿಲ್ಲ. ಜಗಳೂರಿನವನು ಅಪ್ಪನ ಆಶೀರ್ವಾದ ತೆಗೆದುಕೊಂಡು ತನ್ನ ಊರಿಗೆ ಹೋಗಿ ತಂಡ ಕಟ್ಟಿದ. ನಾನು ಇಬ್ಬರು ಹೊಸಬರನ್ನು ಸೇರಿಸಿಕೊಂಡು, ಕುದಿಯುವ ಸಾರಿನ ಮೇಲೆ ಬಗ್ಗಿ, ಹಬೆ ಎಳೆದುಕೊಂಡು, ಕಣ್ಣು ಮುಚ್ಚುತ್ತಿದ್ದೆ. ಕಣ್ಣು ಮುಚ್ಚುವುದನ್ನು ಬಹಳ ಚೆನ್ನಾಗಿ ಮಾಡುತ್ತಿದ್ದೆ. ಮೂಗಿಗೆ ಬರುತ್ತಿದ್ದದ್ದು ಕೊತ್ತಂಬರಿ ವಾಸನೆ ಒಂದೇ. ಉಪ್ಪಿನ ವಿಷಯದಲ್ಲಿ ನಮ್ಮ ಮೇಷ್ಟ್ರು ಹೇಳಿದ್ದು ನನ್ನ ಮಟ್ಟಿಗೆ ಪೂರ್ತಿ ನಿಜ. ಹಾಗಾಗಿ ಯಾರೂ ಇಲ್ಲದಾಗ ಗ್ಯಾಸ್ ಸಿಲಿಂಡರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಒಂದು ಚಮಚ ಸಾರು ನೆಕ್ಕಿ, ಬಾಯಿ ಒರೆಸಿಕೊಂಡು ಎದ್ದು ಬರುತ್ತಿದ್ದೆ. ಎರಡು ವರ್ಷ ಈ ಸೀಮೆಯ ದೇವರೂ ಸ್ವಾಮಿಗಳೂ ನನ್ನ ಎಂಜಲು ಉಂಡಿದ್ದಾರೆ. ಇದುವರೆಗೆ ಯಾರಿಗೂ ಏನೂ ಆಗಿಲ್ಲ.

ಅಪ್ಪ ಮದುವೆಗಳಿಗೆ ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು. ಎಡೆಯಾದ ಮೇಲೆ ನಾನು ಅವರಿಗೊಂದು ಎಲೆ ಹಾಕಿಸುತ್ತಿದ್ದೆ. ಅನ್ನ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟು, "ಉಪ್ಪು ಸರಿಯಾಗೈತೆ" ಎನ್ನುತ್ತಿದ್ದರು. ರುಚಿಯೇ ತಿಳಿಯದ ನಾಲಿಗೆಯಿಂದ ಬಂದ ಆ ಶಹಬ್ಬಾಸನ್ನು ಕೇಳಲು ನಾನು ಪ್ರತಿ ಸಲ ಕೈಕಟ್ಟಿ ನಿಲ್ಲುತ್ತಿದ್ದೆ. ನಾಚಿಕೆಯೂ ಆಗುತ್ತಿತ್ತು, ಬೇಕು ಅಂತಲೂ ಅನ್ನಿಸುತ್ತಿತ್ತು.

ಹೋದ ವರ್ಷ ಜಗಳೂರಿನವನ ಮಗಳ ಮದುವೆ. ಅವನು ಖುದ್ದಾಗಿ ಬಂದು, ಅಡುಗೆಯೆಲ್ಲ ನನ್ನ ಹುಡುಗರದು, ಉಪ್ಪು ಮಾತ್ರ ನಿಮ್ಮ ಮನೆಯ ಕೈಯಿಂದಲೇ ಬೀಳಬೇಕು ಎಂದು ಹೇಳಿ ಹೋಗಿದ್ದ. ಬೆಳಿಗ್ಗೆ ಅಪ್ಪನನ್ನು ಕರೆದುಕೊಂಡು ಜಗಳೂರಿಗೆ ಹೋದೆ. ಅಚ್ಚುಕಟ್ಟಾದ ಒಲೆಗಳು, ಬೆಳಗಿದ ಕಡಾಯಿಗಳು, ಹತ್ತು ಜನರ ತಂಡ, ಗದ್ದಲವಿಲ್ಲದ ಕೆಲಸ. ನಮ್ಮ ತಂಡ ಎಂದೂ ಹಾಗಿರಲಿಲ್ಲ. ಅವನು ಓಡಿ ಬಂದು ಅಪ್ಪನ ಕಾಲಿಗೆ ಬಿದ್ದ. ಎದ್ದವನೇ ನನ್ನ ಕಾಲಿಗೂ ಬಗ್ಗಿದ.

"ಲೇ, ಏನ್ ಮಾಡ್ತೀಯ? ನನಗಿಂತ ದೊಡ್ಡೋನು ನೀನು," ಎಂದು ಹಿಂದೆ ಸರಿದೆ.

"ವಯಸ್ಸು ಬಿಡ್ರಿ. ಕರಟ ಹಿಡಿದ ಕೈ ನಿಮ್ಮದು. ಅವತ್ತು ತಪ್ಪು ಮಾಡದೇ ಇದ್ದೋರು ನೀವೊಬ್ರೇ," ಎಂದ. ಅದರಲ್ಲಿ ಒಂದು ಚೂರೂ ವ್ಯಂಗ್ಯವಿರಲಿಲ್ಲ. ವ್ಯಂಗ್ಯ ಮಾಡಿದ್ದರೆ ಉಳಿಯುತ್ತಿದ್ದೆ.

ಅವನು ಬೀಗರನ್ನು ಎದುರುಗೊಳ್ಳಲು ಹೋದ. ಅಡುಗೆಯ ಶೆಡ್ಡಿನಲ್ಲಿ ಅಪ್ಪ ಕುರ್ಚಿಯಲ್ಲಿ, ನಾನು ಸಾರಿನ ಮುಂದೆ. ಅಂದಾಜಿನ ಉಪ್ಪು ಹಾಕಿ ಆಗಿತ್ತು, ಹಬೆ ನೋಡಿ ಹೊಂದಿಸುವುದು ಬಾಕಿ ಇತ್ತು, ಕರಟ ಕೈಯಲ್ಲಿತ್ತು. ಬಗ್ಗಲು ಆಗಲಿಲ್ಲ, ಕಣ್ಣು ಮುಚ್ಚಲೂ ಆಗಲಿಲ್ಲ. ಹೋಗಿ ಅಪ್ಪನ ಮುಂದೆ ನಿಂತೆ.

"ಅಪ್ಪ, ನ್ಯಾಮತಿಯಾಗೆ ನಾನೂ ಹಾಕಿದ್ದೆ. ಒಂದು ಬೊಗಸೆ. ಎಲ್ಲರಿಗಿಂತ ಮೊದಲು ನಾನೇ ಹಾಕಿದ್ದು. ನಿಮಗೆ ಸುಳ್ಳು ಹೇಳಿದೆ."

ಅಪ್ಪ ಎಲೆಅಡಿಕೆ ಮಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಗೊತ್ತೈತೆ ಬಿಡು."

"ಗೊತ್ತಿತ್ತಾ? ಹೆಂಗೆ?"

"ಹುಗ್ಗಿ ಕಡಾಯಿ ಹಿಂದೆ ನಿಂತಿದ್ದೆ. ನನ್ನ ಮೂಗು ಹೋಗಿತ್ತು, ಕಣ್ಣು ಹೋಗಿರ್ಲಿಲ್ಲ. ಒಂದು ಬೊಗಸೆ ತಾನೇ, ಸಾರು ತಡಕೊಳ್ತೈತೆ, ರೊಟ್ಟಿ ಹೆಂಗಸ್ರ ಮುಂದೆ ಮಗನ ಮರ್ಯಾದೆ ಯಾಕೆ ತೆಗೀಬೇಕು ಅಂತ ಸುಮ್ನಾದೆ. ಉಳಿದ ಇಬ್ರು ಹಾಕಿದ್ದು ನೋಡಿರ್ಲಿಲ್ಲ."

ನಾನು ಕರಟವನ್ನು ಅವರ ಮುಂದೆ ಹಿಡಿದೆ. "ಮತ್ತೆ ಎಲ್ಲಾ ಗೊತ್ತಿದ್ದೂ ಕರಟ ನನಗ್ಯಾಕೆ ಕೊಟ್ರಿ?"

ಅಪ್ಪ ಎಲೆ ಬಾಯಿಗಿಟ್ಟುಕೊಂಡು, ಸಾಲಾಗಿ ಉರಿಯುತ್ತಿದ್ದ ಒಲೆಗಳ ಕಡೆ ಕೈ ಮಾಡಿದರು. "ನೋಡು, ಇವನು ಎಲ್ಲಿ ಹೋದ್ರೂ ಬದುಕ್ತಾನೆ ಅಂತ ಗೊತ್ತಿತ್ತು. ನಿನ್ನ ತಮ್ಮ ಕಲ್ಲು ಬೇಯಿಸಿ ಮಾರಿಯಾದ್ರೂ ಬದುಕ್ತಾನೆ. ಕರಟ ಇಲ್ದಿದ್ರೆ ನಿನ್ನ ಯಾರು ಕರೀತಿದ್ರು ಹೇಳು?"

ಸಿಟ್ಟಿನಿಂದ ಹೇಳಿದ್ದಲ್ಲ. ಸಾಸಿವೆ ಎಷ್ಟು ಬೇಕು ಅಂತ ಹೇಳುವಷ್ಟೇ ಸಲೀಸಾಗಿ ಹೇಳಿದರು. ಇಷ್ಟು ವರ್ಷ ಜೊತೆಗಿದ್ದ ಮಗನನ್ನು ಅವರು ಮೂಗಿಲ್ಲದೆಯೂ ಸರಿಯಾಗಿಯೇ ಅಳೆದಿದ್ದರು. ನನಗೆ ಕಣ್ಣು ತುಂಬಿ ಬಂತು. ಒಲೆಯ ಹೊಗೆ ಎನ್ನೋಣವೆಂದರೆ ಜಗಳೂರಿನವನದು ಎಲ್ಲಾ ಗ್ಯಾಸ್ ಒಲೆ.

"ಅಳಾಕೆ ಆಮ್ಯಾಲೆ ಟೈಮ್ ಐತೆ," ಎಂದರು ಅಪ್ಪ. "ಸಾರು ಉಕ್ತೈತೆ, ಹೋಗು. ಎರಡು ವರ್ಷದಿಂದ ಸಿಲಿಂಡರ್ ಹಿಂದೆ ಕೂತು ಕದ್ದು ರುಚಿ ನೋಡ್ತೀಯಲ್ಲ, ಇವತ್ತು ನನ್ನ ಮುಂದೇ ನೋಡು. ಅವನ ಮಗಳ ಮದುವೆ ಇದು, ಹೆಚ್ಚುಕಮ್ಮಿ ಆಗಬಾರ್ದು."

ಎಡೆ ಇನ್ನೂ ಹೋಗಿರಲಿಲ್ಲ. ನಾನು ಒಂದು ಸೌಟು ಸಾರು ತೆಗೆದು, ಅಂಗೈಗೆ ಬಿಟ್ಟುಕೊಂಡು, ಅಪ್ಪನ ಎದುರೇ ನಾಲಿಗೆಗೆ ಮುಟ್ಟಿಸಿದೆ.

"ಅರ್ಧ ಕರಟ ಕಮ್ಮಿ ಐತೆ ಅಪ್ಪ," ಎಂದೆ.

"ಹಾಕು ಮತ್ತೆ," ಎಂದರು.